ಕರಾವಳಿಯ ಮಳೆಯಲ್ಲಿ ಫೈಬರ್ ಮೈಯ ಹಳೆಯ ಡಾಲ್ಫಿನ್ ಕಾರನ್ನು ಉಳಿಸಿಕೊಳ್ಳುವ ಬಗೆ

ಸಿಪಾನಿ ಡಾಲ್ಫಿನ್ ಕಾರನ್ನು ಕೊಳ್ಳಲು ಹೊರಟವರು ಮೊದಲು ಅರಿತಿರಬೇಕಾದ ಸಂಗತಿ ಒಂದೇ. ಈ ಗಾಡಿಯ ಮೈಗೆ ತುಕ್ಕು ಹಿಡಿಯುವುದಿಲ್ಲ, ಹಾಗಾಗಿಯೇ ಅದು ನೋಡುವವರ ಕಣ್ಣಿಗೆ ಮಣ್ಣೆರಚುತ್ತದೆ. ನಾಲ್ಕು ದಶಕ ಕಾಸರಗೋಡಿನ ಉಪ್ಪುಗಾಳಿಯಲ್ಲೂ ಮಳೆಯಲ್ಲೂ ನಿಂತ ಬೇರೆ ಕಾರಿನ ಬಾಗಿಲಿನ ಅಂಚು ಹಪ್ಪಳದಂತೆ ಪುಡಿಯಾಗಿರುವಾಗ, ಡಾಲ್ಫಿನ್‌ನ ಬಾಗಿಲು ಒಮ್ಮೆ ಸೋಪುನೀರಿನಲ್ಲಿ ಒರೆಸಿದರೆ ಹೊಸದರಂತೆ ಕಾಣುತ್ತದೆ. ಕೆಡುವುದೆಲ್ಲ ಕೆಳಗೆ ಮತ್ತು ಒಳಗೆ, ಅಂದರೆ ಮೈಯನ್ನು ಹೊತ್ತಿರುವ ಉಕ್ಕಿನ ಚೌಕಟ್ಟಾದ ಚಾಸಿಸ್, ಅಲ್ಯೂಮಿನಿಯಂ ಎಂಜಿನಿನ ನೀರಿನ ದಾರಿ ಮತ್ತು ವಯರುಗಳ ಕೊನೆಗಳಲ್ಲಿ. ಬದಿಯಡ್ಕದ ಬಳಿಯ ನಮ್ಮ ಮನೆಯ ಅಂಗಳದಲ್ಲಿ ಇಂಥದೊಂದು ಗಾಡಿಯನ್ನು ಹನ್ನೊಂದು ಮಳೆಗಾಲ ದಾಟಿಸಿದ ಅನುಭವದಿಂದ, ಅದರಲ್ಲೂ ಹೆಚ್ಚಿನದನ್ನು ನನ್ನ ತಪ್ಪುಗಳಿಂದಲೇ ಕಲಿತು, ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ.

ಗಾಡಿಯ ಕುಲಗೋತ್ರ

ಡಾಲ್ಫಿನ್ ಬೆಂಗಳೂರಿನಲ್ಲಿ ತಯಾರಾದ ಕಾರು. ಸನ್‌ರೈಸ್ ಆಟೋ ಇಂಡಸ್ಟ್ರೀಸ್ ಎಂಬ ಹೆಸರಿನಲ್ಲಿ ಬಾದಲ್ ಎಂಬ ಮೂರು ಚಕ್ರದ ಫೈಬರ್ ಗಾಡಿಯನ್ನು ಮಾಡುತ್ತಿದ್ದ, ಮುಂದೆ ಸಿಪಾನಿ ಆಟೋಮೊಬೈಲ್ಸ್ ಎನಿಸಿಕೊಂಡ ಕಂಪನಿಯು 1982ರಲ್ಲಿ ಇದನ್ನು ಹೊರತಂದಿತು. ಮೂಲ ವಿನ್ಯಾಸ ಬ್ರಿಟನ್ನಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಕಾರಿನದು. ಎರಡು ಬಾಗಿಲು, 848 ಸಿಸಿಯ ನಾಲ್ಕು ಸಿಲಿಂಡರಿನ ಅಲ್ಯೂಮಿನಿಯಂ ಎಂಜಿನು, ನಾಲ್ಕು ಗೇರು, ಹಿಂದಿನ ಚಕ್ರಗಳಿಗೆ ಚಾಲನೆ, ಉಕ್ಕಿನ ಪ್ರತ್ಯೇಕ ಚಾಸಿಸ್‌ನ ಮೇಲೆ ಬೋಲ್ಟು ಹಾಕಿ ಕೂರಿಸಿದ ಫೈಬರ್ ಗ್ಲಾಸಿನ ಮೈ ಇದರ ಮುಖ್ಯ ಲಕ್ಷಣಗಳು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗೆ ಇಳಿದ ಮೇಲೆ ಇದಕ್ಕೆ ಮಾರುಕಟ್ಟೆಯಲ್ಲಿ ನಿಲ್ಲಲು ಆಗಲಿಲ್ಲ. ಬಳಿಕ ನಾಲ್ಕು ಬಾಗಿಲಿನ ಮೊಂಟಾನಾ ಬಂದಿತಾದರೂ ಗಾಳಿ ಆಗಲೇ ಬೇರೆ ದಿಕ್ಕಿಗೆ ತಿರುಗಿತ್ತು.

ಇದರ ಕುಲಗೋತ್ರವನ್ನು ಹೇಳಲು ಕಾರಣವಿದೆ. ಬಿಡಿಭಾಗ ಹುಡುಕುವಾಗ ಡಾಲ್ಫಿನ್ ಎಂದು ಕೇಳಿದರೆ ಅಂಗಡಿಯವರು ತಲೆಯಲ್ಲಾಡಿಸುತ್ತಾರೆ, ರಿಲಯಂಟ್ ಎಂದರೆ ರಿಲಯನ್ಸ್ ಎಂದು ಕೇಳಿಸಿಕೊಂಡು ಪೆಟ್ರೋಲ್ ಬಂಕಿನ ದಾರಿ ತೋರಿಸುತ್ತಾರೆ. ಆದರೆ ಇದೇ ಎಂಜಿನು ರಿಲಯಂಟ್‌ನ ರಾಬಿನ್ ಎಂಬ ಮೂರು ಚಕ್ರದ ಗಾಡಿಯಲ್ಲೂ ಇದ್ದುದರಿಂದ ಬ್ರಿಟನ್ನಿನಲ್ಲಿ ಅದರ ಗ್ಯಾಸ್ಕೆಟ್, ಬೇರಿಂಗ್, ಪಿಸ್ಟನ್ನುಗಳನ್ನು ಮಾರುವವರು ಇಂದಿಗೂ ಇದ್ದಾರೆ. ರಿಲಯಂಟ್ ಕಿಟನ್ ರಿಜಿಸ್ಟರ್ ಎಂಬ ಒಡೆಯರ ಸಂಘವೂ ಅಲ್ಲಿದೆ.

ಕೊಳ್ಳುವ ಮೊದಲು ಗಾಡಿಯ ಅಡಿಗೆ ನುಗ್ಗಿ

ಬಣ್ಣ, ಸೀಟು, ಸ್ಟಿಯರಿಂಗ್ ಇವನ್ನೆಲ್ಲ ಆಮೇಲೆ ನೋಡಿ. ಹಳೆಯ ಗೋಣಿಚೀಲ ಹಾಸಿಕೊಂಡು, ಒಂದು ಟಾರ್ಚು ಮತ್ತು ಸ್ಕ್ರೂಡ್ರೈವರ್ ಹಿಡಿದುಕೊಂಡು ಮೊದಲು ಗಾಡಿಯ ಅಡಿಗೆ ನುಗ್ಗಬೇಕು. ಜಾಕಿಯನ್ನು ಚಾಸಿಸ್‌ನ ಕಂಬಿಗೆ ಮಾತ್ರ ಕೊಡಬೇಕೇ ಹೊರತು ಫೈಬರ್ ನೆಲಕ್ಕೆ ಕೊಡಬಾರದು, ಕೊಟ್ಟರೆ ಜಾಕಿ ನೆಲವನ್ನು ತೂತು ಮಾಡಿ ಮೇಲೆ ಬರುತ್ತದೆ. ಜಾಕಿಯೊಂದನ್ನೇ ನಂಬಿ ಯಾರೂ ಗಾಡಿಯ ಅಡಿಗೆ ಹೋಗಬಾರದೆಂದು ಬೇರೆ ಹೇಳಬೇಕಾಗಿಲ್ಲ. ಚಾಸಿಸ್‌ನ ಅಡಿಗೆ ಗಟ್ಟಿ ಸ್ಟ್ಯಾಂಡ್ ಇಟ್ಟೇ ಮುಂದುವರಿಯಿರಿ.

ಮೈ ಮತ್ತು ಚಾಸಿಸ್ ಕೂಡುವ ಒಂದೊಂದು ಬೋಲ್ಟಿನ ಸುತ್ತಲೂ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ಒಳಗಿಂದ ತಿಂದುಹೋದ ಉಕ್ಕು ಒಣ ಸೋರೆಕಾಯಿಯಂತೆ ಮಂದವಾಗಿ ಸದ್ದು ಮಾಡುತ್ತದೆ. ಹಿಂದಿನ ಲೀಫ್ ಸ್ಪ್ರಿಂಗಿನ ಕೊಂಡಿಗಳು ಚಾಸಿಸ್‌ಗೆ ಸೇರುವ ಜಾಗ, ಮತ್ತು ಮೈಗೂ ಕಂಬಿಗೂ ನಡುವಿನ ಪ್ಯಾಡ್‌ಗಳು ನೀರನ್ನು ಹಿಡಿದಿಡುವ ಜಾಗ, ಇವೆರಡರಲ್ಲಿ ತುಕ್ಕು ಮೊದಲು ಕೂರುತ್ತದೆ. ಡಾಂಬರಿನಂಥ ಕಪ್ಪು ಲೇಪವನ್ನು ಹೊಸದಾಗಿ ದಪ್ಪಗೆ ಬಳಿದಿದ್ದರೆ ಸಂಶಯಪಡಿ. ತುಕ್ಕಿನ ಮೇಲೆಯೇ ಬಳಿದ ಲೇಪ ನೀರನ್ನು ಹೊರಗಿಡುವುದಿಲ್ಲ, ಒಳಗೆ ಕೂಡಿಹಾಕುತ್ತದೆ. ಮಾರುವವರು ಒಪ್ಪಿದರೆ ಒಂದೆರಡು ಕಡೆ ಕೆರೆದು ನೋಡಿ, ಒಪ್ಪದಿದ್ದರೆ ಅದನ್ನೇ ಉತ್ತರವೆಂದು ತಿಳಿದು ಮನೆಗೆ ಬನ್ನಿ.

ಅಡಿಯಿಂದ ಎದ್ದು ಬಂದ ಮೇಲೆ ಬಾಗಿಲಿನ ಕೀಲುಗಳ ಸುತ್ತ ಜೇಡರ ಬಲೆಯಂತೆ ಹರಡಿದ ಸಣ್ಣ ಬಿರುಕುಗಳಿವೆಯೇ ಎಂದು ನೋಡಬೇಕು. ಎರಡೇ ಬಾಗಿಲಿನ ಕಾರಾದುದರಿಂದ ಬಾಗಿಲು ಉದ್ದವಾಗಿಯೂ ಭಾರವಾಗಿಯೂ ಇರುತ್ತದೆ, ಅದರ ತೂಕವೆಲ್ಲ ಆ ಕೀಲಿನ ಸುತ್ತಲಿನ ಫೈಬರಿನ ಮೇಲೆ ಬೀಳುತ್ತದೆ. ಈ ಬಿರುಕುಗಳಿಗೆ ಹೆದರಬೇಕಾಗಿಲ್ಲ, ಇವನ್ನು ಸರಿಪಡಿಸಬಹುದು. ಚಾಸಿಸ್ ಕೆಟ್ಟಿದ್ದರೆ ಮಾತ್ರ, ಗಾಡಿಯನ್ನು ಪುಕ್ಕಟೆ ಕೊಟ್ಟರೂ ಅದು ದುಬಾರಿಯೇ.

ಕಾಗದಪತ್ರಗಳು

ಚಾಸಿಸ್ ನಂಬರು ಉಕ್ಕಿನ ಮೇಲೆ ಕೊರೆದಿರುತ್ತದೆ, ಫೈಬರಿನ ಮೇಲಲ್ಲ. ಆ ಜಾಗವನ್ನು ತುಕ್ಕು ತಿಂದಿದ್ದರೆ ಸಾರಿಗೆ ಕಚೇರಿಯವರು ಕೇಳುವ ಪೆನ್ಸಿಲ್ ಅಚ್ಚನ್ನು ತೆಗೆಯಲು ಆಗುವುದಿಲ್ಲ. ಆದುದರಿಂದ ಮುಂಗಡ ಹಣ ಕೊಡುವ ಮೊದಲೇ ಒಂದು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಬಂದ ನಂಬರನ್ನು ಆರ್‌ಸಿಯಲ್ಲಿರುವುದರೊಂದಿಗೆ ತಾಳೆ ನೋಡಿ. ಹಳೆಯ ಆರ್‌ಸಿ ಪುಸ್ತಕದ ವಿವರಗಳು ಸಾರಿಗೆ ಇಲಾಖೆಯ ವಾಹನ್ ಎಂಬ ಗಣಕ ದಾಖಲೆಯಲ್ಲಿ ಸೇರಿವೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಸೇರಿರದಿದ್ದರೆ, ಗಾಡಿ ಮೊದಲು ನೋಂದಣಿಯಾದ ಕಚೇರಿಯಲ್ಲಿಯೇ ಅದನ್ನು ಮಾರುವವರಿಂದ ಸೇರಿಸಿ ಆದ ಮೇಲೆಯೇ ಹಣ ಕೊಡುವುದು ಜಾಣತನ.

ನಮ್ಮ ಗಡಿನಾಡಿನಲ್ಲಿ ಸಿಗುವ ಡಾಲ್ಫಿನ್‌ಗಳಲ್ಲಿ ಹೆಚ್ಚಿನವು ತಲಪಾಡಿಯ ಆಚೆಯಿಂದ ಬಂದವುಗಳಾದುದರಿಂದ ಕರ್ನಾಟಕದ ನಂಬರು ಇರುತ್ತದೆ. ಅಲ್ಲಿನ ಕಚೇರಿಯಿಂದ 28ನೇ ನಮೂನೆಯಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆದು, ಮಾಲಕತ್ವ ಬದಲಾವಣೆಗೆ 29 ಮತ್ತು 30ನೇ ನಮೂನೆಗಳನ್ನು, ಕೇರಳದ ಹೊಸ ನಂಬರಿಗೆ 27ನೇ ನಮೂನೆಯನ್ನು ಕೊಡಬೇಕು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಹೊಸ ನಂಬರು ಪಡೆಯಲೇಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಮಂಗಳೂರು ಕೂಗಳತೆಯಲ್ಲಿದೆ ಎಂಬ ಸಲುಗೆಯಿಂದ ನಮ್ಮವರು ಇದನ್ನು ಮುಂದೂಡುವುದುಂಟು, ಆದರೆ ತೆರಿಗೆಯ ಲೆಕ್ಕಕ್ಕೆ ಆ ಸಲುಗೆ ತಿಳಿಯುವುದಿಲ್ಲ. ಜಿಲ್ಲೆಯ ಉತ್ತರ ಭಾಗದವರಿಗೆ ಕೆಎಲ್ 14, ಕಾಞಂಗಾಡು ಕಡೆಯವರಿಗೆ ಕೆಎಲ್ 60 ಸಿಗುತ್ತದೆ.

ಮೊದಲ 15 ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೊಮ್ಮೆ 25ನೇ ನಮೂನೆಯಲ್ಲಿ ನೋಂದಣಿ ನವೀಕರಣಕ್ಕೆ ಅರ್ಜಿ ಹಾಕಬೇಕು. ಅವಧಿ ಮುಗಿಯುವುದಕ್ಕೆ ಮುಂಚಿನ 60 ದಿನಗಳೊಳಗೆ ಅರ್ಜಿ ಹಾಕಲು ಅವಕಾಶವಿದೆ. 20 ವರ್ಷ ದಾಟಿದ ಕಾರುಗಳಿಗೆ ನವೀಕರಣ ಶುಲ್ಕವನ್ನು 2025ರಲ್ಲಿ ಏರಿಸಿದ್ದಾರೆ, ಜೊತೆಗೆ ಕೇರಳದ ಹಸಿರು ತೆರಿಗೆಯೂ ಇದೆ. ಆದುದರಿಂದ ಈ ಖರ್ಚನ್ನು ಗಾಡಿಯ ಬೆಲೆಯೊಂದಿಗೇ ಕೂಡಿಸಿ ನೋಡಿ. ವಿಂಟೇಜ್ ನೋಂದಣಿ ಮಾಡಿಸಿದರಾಯಿತಲ್ಲ ಎನ್ನುವವರು ನೆನಪಿಡಬೇಕಾದದ್ದೇನೆಂದರೆ, 2021ರ ನಿಯಮದಂತೆ ಅದಕ್ಕೆ ಮೊದಲ ನೋಂದಣಿಯಿಂದ 50 ವರ್ಷ ಆಗಿರಬೇಕು. ಅತ್ಯಂತ ಹಳೆಯ ಡಾಲ್ಫಿನ್‌ಗೂ 2032ಕ್ಕೆ ಮೊದಲು ಆ ಯೋಗವಿಲ್ಲ, ಬಂದರೂ ಆ ನೋಂದಣಿಯಲ್ಲಿ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ.

ಬಾವಿನೀರು ಹಾಕಬೇಡಿ

ಈ ಲೇಖನದಲ್ಲಿ ಒಂದೇ ಭಾಗವನ್ನು ಓದಲು ಪುರಸೊತ್ತಿದ್ದರೆ ಇದನ್ನೇ ಓದಿ.

ಡಾಲ್ಫಿನ್‌ನ ಎಂಜಿನಿನಲ್ಲಿ ಸಿಲಿಂಡರಿನ ತೋಳುಗಳು, ಅಂದರೆ ಮೆಕ್ಯಾನಿಕರು ವೆಟ್ ಲೈನರ್ ಎನ್ನುವ ಕೊಳವೆಗಳು, ಅಲ್ಯೂಮಿನಿಯಂ ಬ್ಲಾಕಿನೊಳಗೆ ನೇರವಾಗಿ ತಂಪಿನ ನೀರಿನಲ್ಲಿಯೇ ನಿಂತಿರುತ್ತವೆ. ಕೆಳಗಡೆ ಒಂದು ಸೀಲು, ಮೇಲ್ಗಡೆ ಹೆಡ್ (ಎಂಜಿನಿನ ಮೇಲ್ಮುಚ್ಚಳ) ಕೂರುವಲ್ಲಿನ ಗ್ಯಾಸ್ಕೆಟ್, ಈ ಎರಡರ ನಡುವೆ ಅವು ಬಿಗಿಯಾಗಿ ಕೂರುತ್ತವೆ. ನೀರು ಒಳ್ಳೆಯದಿದ್ದರೆ ಈ ಏರ್ಪಾಡು ಬಹಳ ಕಾಲ ಬಾಳುತ್ತದೆ, ನೀರು ಕೆಟ್ಟದಾದರೆ ಬ್ಲಾಕಿನ ಮೆತ್ತಗಿನ ಅಂಚು ಕರಗಿ ನೀರು ಎಣ್ಣೆಯ ಕಡೆಗೆ ಇಳಿಯುತ್ತದೆ.

ನಮ್ಮ ಊರಿನ ಬಾವಿನೀರು ಕುಡಿಯಲು ಸಿಹಿ, ಬೇಳೆ ಬೇಗ ಬೇಯುತ್ತದೆ, ಪಾತ್ರೆಗೆ ಉಪ್ಪು ಕಟ್ಟುವುದಿಲ್ಲ. ಇಷ್ಟು ಒಳ್ಳೆಯ ನೀರು ರೇಡಿಯೇಟರಿಗೂ ಒಳ್ಳೆಯದೆಂದೇ ನಾನು ತಿಳಿದಿದ್ದೆ. ಮುರಕಲ್ಲಿನ ನೆಲದಲ್ಲಿ ತೋಡಿದ ಬಾವಿಯ ನೀರು ಸಾಮಾನ್ಯವಾಗಿ ಆಮ್ಲದ ಕಡೆಗೆ ವಾಲಿರುತ್ತದೆ, ಅಂಥ ನೀರು ಬಿಸಿಯಾದಾಗ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ ಎಂಬುದು ಎರಡು ವರ್ಷ ಕಳೆದ ಮೇಲೆ ತಿಳಿಯಿತು. ಒಂದು ಬೆಳಗ್ಗೆ ಎಣ್ಣೆ ನೋಡಲೆಂದು ಡಿಪ್‌ಸ್ಟಿಕ್ ಎಳೆದರೆ ಅದರ ತುದಿಯಲ್ಲಿ ಕಪ್ಪು ಎಣ್ಣೆಯ ಬದಲು ಕಾಫಿಗೆ ಹಾಲು ಹೆಚ್ಚಾದಂತೆ ಬೂದುಬಣ್ಣದ ನೊರೆ ಅಂಟಿತ್ತು, ಎಣ್ಣೆಯ ಮಟ್ಟ ಮೇಲಿನ ಗೆರೆಗಿಂತ ಒಂದು ಬೆರಳು ಏರಿತ್ತು. ಎಣ್ಣೆ ತಾನಾಗಿ ಹೆಚ್ಚುವುದಿಲ್ಲವಲ್ಲ. ಎಂಜಿನು ಬಿಚ್ಚಿದಾಗ ಲೇತ್ ಕೆಲಸದವರು ಬ್ಲಾಕನ್ನು ಬೆಳಕಿಗೆ ಹಿಡಿದು, ಲೈನರ್ ಕೂರುವ ಅಂಚಿನಲ್ಲಿ ಗೆದ್ದಲು ತಿಂದಂತೆ ಆಗಿದ್ದ ಗುಳಿಗಳನ್ನು ಉಗುರಿನಿಂದ ಮುಟ್ಟಿ ತೋರಿಸಿದರು. ಆ ಅಂಚಿಗೆ ಲೋಹ ತುಂಬಿ ಕೊರೆಯುವ ಕೆಲಸಕ್ಕೆ ಕೊಟ್ಟ ಹಣದಲ್ಲಿ ಇಪ್ಪತ್ತು ವರ್ಷಕ್ಕೆ ಸಾಕಾಗುವಷ್ಟು ಕೂಲಂಟ್, ಅಂದರೆ ರೇಡಿಯೇಟರಿಗೆಂದೇ ಸಿಗುವ ತಂಪಿನ ದ್ರವ, ಬರುತ್ತಿತ್ತು.

ಆದುದರಿಂದ ಹೀಗೆ ಮಾಡಿ. ಎಂಜಿನು ಪೂರ್ತಿ ತಣಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು, ಕೆಳಗಿನ ಹೋಸು ಕಳಚಿ, ಇರುವ ನೀರನ್ನೆಲ್ಲ ಬಕೆಟಿಗೆ ಇಳಿಸಿ. ಕಂದು ಕೆಸರಿನಂಥದು ಬಂದರೆ ಶುದ್ಧ ನೀರು ಬರುವ ತನಕ ತೊಳೆಯಿರಿ, ಕೊನೆಯ ಒಂದು ತೊಳೆತವನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಮಾಡಿ. ಆಮೇಲೆ ಅಲ್ಯೂಮಿನಿಯಂ ಎಂಜಿನಿಗೆ ಒಪ್ಪುವ ಕೂಲಂಟನ್ನು ಕನಿಷ್ಠ ಮೂರನೇ ಒಂದು ಪಾಲು, ಉಳಿದದ್ದು ಡಿಸ್ಟಿಲ್ಡ್ ನೀರು, ಈ ಅಳತೆಯಲ್ಲಿ ಬೆರೆಸಿ ತುಂಬಿ. ಬೆರೆಸಿಯೇ ಬರುವ ಕೂಲಂಟಾದರೆ ಅದಕ್ಕೆ ಮತ್ತೆ ನೀರು ಸೇರಿಸಬೇಡಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲವಾದುದರಿಂದ ಕೂಲಂಟ್ ಏಕೆ ಎಂದು ಹಲವರು ಕೇಳುತ್ತಾರೆ. ನಮಗೆ ಬೇಕಾದದ್ದು ಅದರಲ್ಲಿರುವ ತುಕ್ಕುನಿರೋಧಕವೇ ಹೊರತು ಚಳಿಯ ರಕ್ಷಣೆಯಲ್ಲ. ಆ ನಿರೋಧಕವೂ ಕಾಲಕ್ರಮೇಣ ಸವೆಯುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ತುಂಬಿದ ಮೇಲೆ ಗಾಳಿ ಹೊರಗೆ ಹೋಗಬೇಕು. ಇದಕ್ಕೆ ನಮ್ಮ ಊರಿನ ಮನೆಗಳ ಇಳಿಜಾರು ದಾರಿಗಳೇ ಅನುಕೂಲ. ಗಾಡಿಯ ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಚ್ಚಳ ತೆರೆದೇ ಎಂಜಿನು ಚಾಲೂ ಮಾಡಿ. ಬಿಸಿಗೆ ತೆರೆಯುವ ಕವಾಟವಾದ ಥರ್ಮೋಸ್ಟಾಟ್ ತೆರೆದಾಗ ಮೇಲಿನ ಹೋಸು ಬಿಸಿಯಾಗಿ ನೀರಿನ ಮಟ್ಟ ಒಮ್ಮೆಲೇ ಇಳಿಯುತ್ತದೆ. ಆಗ ಸ್ವಲ್ಪ ತುಂಬಿಸಿ ಮುಚ್ಚಳ ಹಾಕಿ. ಪೆರ್ಲದಿಂದ ಸ್ವರ್ಗಕ್ಕೆ ಹೋಗುವ ಏರಿನಲ್ಲಿ (ಊರಿನ ಹೆಸರೇ ಅದು, ಗಾಡಿಯ ಗತಿಯ ಬಗೆಗಿನ ಕುಹಕವಲ್ಲ) ಎಂಜಿನಿನ ಬಿಸಿ ತೋರಿಸುವ ಸೂಜಿ ಅರ್ಧಕ್ಕಿಂತ ಮೇಲೆ ಏರದಿದ್ದರೆ ಕೆಲಸ ಸರಿಯಾಗಿದೆ ಎಂದು ಅರ್ಥ.

ಹೆಡ್ ಬಿಚ್ಚುವ ಪ್ರಸಂಗ ಬಂದರೆ ಮೆಕ್ಯಾನಿಕರಿಗೆ ಒಂದು ಮಾತನ್ನು ಮೊದಲೇ ಹೇಳಿಡಿ. ಹೆಡ್ ತೆಗೆದ ಮೇಲೆ ಎಂಜಿನನ್ನು ತಿರುಗಿಸಬಾರದು. ತಿರುಗಿಸಿದರೆ ಪಿಸ್ಟನ್ನಿನ ಜೊತೆ ಲೈನರುಗಳೂ ಮೇಲೆದ್ದು ಕೆಳಗಿನ ಸೀಲು ಹೋಗುತ್ತದೆ. ಬೇರೆ ಗಾಡಿಗಳಲ್ಲಿ ಪಳಗಿದ ಒಳ್ಳೆಯ ಕೈಗಳೂ ಇಲ್ಲಿ ಎಡವುತ್ತವೆ. ಅಲ್ಯೂಮಿನಿಯಮ್ಮಿಗೆ ಹಾಕುವ ಪ್ರತಿ ಉಕ್ಕಿನ ಬೋಲ್ಟಿಗೂ ಅದು ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟನ್ನು (ಆಂಟಿ ಸೀಜ್) ತೆಳ್ಳಗೆ ಹಚ್ಚಿಸಿ. ಹೆಡ್ ಬೋಲ್ಟುಗಳಿಗೆ ಮಾತ್ರ ಕೈಪಿಡಿಯಲ್ಲಿ ಹೇಳಿದಂತೆಯೇ ನಡೆಯಬೇಕು, ಅಲ್ಲಿ ಜಾರಿಕೆ ಹೆಚ್ಚಾದರೆ ಬಿಗಿತದ ಲೆಕ್ಕ ತಪ್ಪುತ್ತದೆ.

ಕೃಷಿಕರಿಗೆ ಇನ್ನೊಂದು ಎಚ್ಚರಿಕೆ ಇದೆ. ಅಡಕೆಗೆ ಮದ್ದು ಬಿಡುವ ಕಾಲದಲ್ಲಿ ಮೈಲುತುತ್ತಿನ ಚೀಲವನ್ನು ಈ ಗಾಡಿಯಲ್ಲಿ ತರಬೇಡಿ. ಒದ್ದೆ ಮ್ಯಾಟಿನ ಮೇಲೆ ಚೆಲ್ಲಿದ ಒಂದು ಹಿಡಿ ಮೈಲುತುತ್ತು ಬೋಲ್ಟಿನ ತೂತುಗಳ ಮೂಲಕ ಚಾಸಿಸ್‌ನ ಮೇಲಕ್ಕೆ ಇಳಿದರೆ, ಉಕ್ಕು ಮತ್ತು ಅಲ್ಯೂಮಿನಿಯಂ ಎರಡನ್ನೂ ಉಪ್ಪುಗಾಳಿಗಿಂತ ವೇಗವಾಗಿ ತಿನ್ನುತ್ತದೆ.

ದೀಪ ಮಂಕಾದರೆ ಬ್ಯಾಟರಿ ಬದಲಿಸಬೇಡಿ

ತಗಡಿನ ಕಾರಿನಲ್ಲಿ ಇಡೀ ಮೈಯೇ ಬ್ಯಾಟರಿಯ ಮೈನಸ್ ದಾರಿಯಾಗಿ ಕೆಲಸ ಮಾಡುತ್ತದೆ. ಫೈಬರಿನಲ್ಲಿ ವಿದ್ಯುತ್ ಹರಿಯುವುದಿಲ್ಲವಾದುದರಿಂದ ಡಾಲ್ಫಿನ್‌ನಲ್ಲಿ ಪ್ರತಿಯೊಂದು ದೀಪಕ್ಕೂ ಹಾರ್ನಿಗೂ ವೈಪರಿಗೂ ಚಾಸಿಸ್‌ನ ವರೆಗೆ ಪ್ರತ್ಯೇಕ ಅರ್ಥಿಂಗ್ ವಯರು ಬೇಕು. ಆ ವಯರಿನ ಕೊನೆಯ ಸಣ್ಣ ಲೋಹದ ಬಳೆ ಹಸಿರುಗಟ್ಟಿದಾಗ ಗಾಡಿಗೆ ದೆವ್ವ ಹೊಕ್ಕಂತೆ ಆಗುತ್ತದೆ. ಬ್ರೇಕು ಒತ್ತಿದರೆ ಇಂಡಿಕೇಟರು ಮಿಣುಕುವುದು, ಹಾರ್ನು ಒತ್ತಿದರೆ ಹೆಡ್‌ಲೈಟು ಕುಗ್ಗುವುದು ಇದರ ಲಕ್ಷಣ. ಕುಂಬಳೆಯಿಂದ ಬದಿಯಡ್ಕಕ್ಕೆ ರಾತ್ರಿ ಬರುತ್ತಿದ್ದಾಗ ನನ್ನ ಗಾಡಿಗೆ ಹೀಗಾಗಿ, ಒಂದು ಗ್ಯಾರೇಜಿನಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಆಲ್ಟರ್ನೇಟರು ಬದಲಿಸಿ, ಕೊನೆಗೆ ಮನೆಯಲ್ಲಿ ಒಂದು ತುಂಡು ವಯರಿನಿಂದ ಅದು ಸರಿಯಾಯಿತು.

ಪರೀಕ್ಷೆ ಸುಲಭ. ಎರಡು ಮೀಟರ್ ವಯರು ತೆಗೆದುಕೊಂಡು ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿದು, ಇನ್ನೊಂದನ್ನು ಮಂಕಾದ ದೀಪದ ಹೋಲ್ಡರಿನ ಹೊರಮೈಗೆ ತಾಗಿಸಿ. ದೀಪ ತಟ್ಟನೆ ಬೆಳಗಿದರೆ ತಪ್ಪು ಅರ್ಥಿಂಗಿನದೇ. ಮಲ್ಟಿಮೀಟರ್ ಇದ್ದವರು ದೀಪ ಉರಿಯುತ್ತಿರುವಾಗ ಹೋಲ್ಡರಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ವೋಲ್ಟು ಅಳೆಯಬಹುದು, ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿ ಕೆಟ್ಟಿದೆ. ಶಾಶ್ವತ ಪರಿಹಾರವೆಂದರೆ ಬಾನೆಟ್ಟಿನ ಒಳಗೊಂದು, ಹಿಂದೊಂದು ಹಿತ್ತಾಳೆಯ ಪಟ್ಟಿ ಕೂರಿಸಿ, ದಪ್ಪ ವಯರಿನಿಂದ ಅವನ್ನು ಚಾಸಿಸ್‌ಗೂ ಬ್ಯಾಟರಿಗೂ ಸೇರಿಸಿ, ಎಲ್ಲ ಅರ್ಥಿಂಗ್ ವಯರುಗಳನ್ನೂ ಆ ಪಟ್ಟಿಗಳಿಗೆ ತರುವುದು. ಕೊನೆಗಳಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿಬಿಡಿ. ಅಡಕೆ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸುವವರು ಇಲಿ ಕಡಿಯದಂತೆ ವಯರುಗಳಿಗೆ ಕೊಳವೆ ಹಾಕಿಸಬೇಕು.

ಬಿರುಕಿಗೆ ದೋಣಿಯ ವೈದ್ಯರು

ಫೈಬರ್ ಒಡೆದರೆ ಟಿಂಕರಿಂಗ್ ಶಾಪಿಗೆ ಹೋಗಬೇಡಿ. ಅಲ್ಲಿಯವರು ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕೊಡುತ್ತಾರೆ, ಎರಡು ತಿಂಗಳಿಗೆ ಅದೇ ಜಾಗದಲ್ಲಿ ಅದೇ ಗೆರೆ ಮೂಡುತ್ತದೆ. ಕಾಸರಗೋಡಿನವರ ಪುಣ್ಯವೆಂದರೆ ಫೈಬರಿನ ನಿಜವಾದ ಕುಶಲಕರ್ಮಿಗಳು ನಮ್ಮ ಕಡಲ ತೀರದಲ್ಲೇ ಇದ್ದಾರೆ, ಏಕೆಂದರೆ ಮೀನುಗಾರಿಕೆಯ ದೋಣಿಗಳಲ್ಲಿ ಬಹಳಷ್ಟು ಇಂದು ಇದೇ ವಸ್ತುವಿನವು. ಮಂಜೇಶ್ವರದ ಬಂದರಿನ ಬಳಿ ದೋಣಿ ರಿಪೇರಿ ಮಾಡುವ ಹಿರಿಯರೊಬ್ಬರು ನನ್ನ ಬಾಗಿಲಿನ ಕೀಲನ್ನು ಒಂದು ನಿಮಿಷ ನೋಡಿ, ಬಾಗಿಲನ್ನು ಎರಡು ಸಲ ಎತ್ತಿ ಇಳಿಸಿ, "ಭಟ್ರೇ, ಇದು ಚಕ್ರ ಹಾಕಿದ ದೋಣಿ ಅಲ್ವಾ, ಒಳಗಿಂದ ಕಟ್ಟಬೇಕು, ಹೊರಗಿಂದ ಬಳಿದರೆ ನಿಲ್ಲುವುದಿಲ್ಲ" ಎಂದರು. ಈ ಕೆಲಸದ ಗುಟ್ಟೆಲ್ಲ ಆ ಒಂದು ಮಾತಿನಲ್ಲಿತ್ತು.

ಸಣ್ಣ ಬಿರುಕನ್ನು ನೀವೇ ಮಾಡುವುದಾದರೆ, ಮೊದಲು ಬಿರುಕಿನ ಎರಡೂ ತುದಿಗಳಲ್ಲಿ ಮೂರು ಮಿಲಿಮೀಟರಿನ ತೂತು ಕೊರೆಯಿರಿ, ಇದರಿಂದ ಬಿರುಕು ಮುಂದೆ ಓಡುವುದು ನಿಲ್ಲುತ್ತದೆ. ಆಮೇಲೆ ಒಳಬದಿಯಿಂದ ಬಿರುಕಿನ ಎರಡೂ ಪಕ್ಕಕ್ಕೆ ಎರಡು ಮೂರು ಇಂಚು ಅಗಲ ಉಜ್ಜಿ, ನಡುವೆ ಆಳವಾಗಿಯೂ ಅಂಚಿಗೆ ತೆಳುವಾಗಿಯೂ ಇರುವಂತೆ ತಟ್ಟೆಯ ಆಕಾರ ಮಾಡಿ. ಉಜ್ಜುವಾಗ ಮುಖಕ್ಕೆ ಒಳ್ಳೆಯ ಮಾಸ್ಕು, ಕಣ್ಣಿಗೆ ಕನ್ನಡಕ, ಪೂರ್ತಿ ತೋಳಿನ ಅಂಗಿ ಬೇಕೇ ಬೇಕು. ಗಾಜಿನ ನಾರಿನ ಪುಡಿ ಚರ್ಮಕ್ಕೆ ತಾಗಿದರೆ ಹಲಸಿನ ಮೇಣದಂತೆ, ಬೇಗ ಬಿಡುವುದಿಲ್ಲ. ಅಸಿಟೋನಿನಿಂದ ಒರೆಸಿ ಒಣಗಿಸಿದ ಮೇಲೆ ಪಾಲಿಯೆಸ್ಟರ್ ರೆಸಿನ್ನಿಗೆ ಹಾರ್ಡನರ್ ಸೇರಿಸಿ. 100 ಗ್ರಾಂ ರೆಸಿನ್ನಿಗೆ ಒಂದರಿಂದ ಎರಡು ಗ್ರಾಂ ಸಾಕು, ಬೇಸಿಗೆಯ ಮಧ್ಯಾಹ್ನವಾದರೆ ಒಂದೇ ಗ್ರಾಂ. ರೆಸಿನ್ ಬೇಗ ಗಟ್ಟಿಯಾಗಲು ಸೇರಿಸುವ ಕೋಬಾಲ್ಟ್ ದ್ರಾವಣವನ್ನು ಬೇರೆಯಾಗಿ ಕೊಟ್ಟಿದ್ದರೆ ಅದನ್ನು ಮೊದಲು ರೆಸಿನ್ನಿನಲ್ಲಿ ಪೂರ್ತಿ ಕಲಸಿ, ಆಮೇಲೆಯೇ ಹಾರ್ಡನರ್ ಹಾಕಬೇಕು. ಇವೆರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹೊತ್ತಿ ಸಿಡಿಯುವ ಅಪಾಯವಿದೆ.

ಗಾಜಿನ ನಾರಿನ ಮ್ಯಾಟನ್ನು ಒಂದಕ್ಕಿಂತ ಒಂದು ದೊಡ್ಡದಾಗಿ ಮೂರು ತುಂಡು ಕತ್ತರಿಸಿಟ್ಟುಕೊಂಡು, ಒಂದೊಂದನ್ನೇ ರೆಸಿನ್ನಿನಲ್ಲಿ ನೆನೆಸಿ ಕೂರಿಸುತ್ತಾ, ಬ್ರಷ್ಷಿನ ತುದಿಯಿಂದ ಕುಟ್ಟಿ ಗಾಳಿಗುಳ್ಳೆಗಳನ್ನು ಹೊರದೂಡಿ. ಬಿಳಿ ಮ್ಯಾಟು ಪಾರದರ್ಶಕವಾದರೆ ಸರಿಯಾಗಿ ನೆಂದಿದೆ ಎಂದು ತಿಳಿಯಿರಿ, ಬಿಳಿ ಮಚ್ಚೆ ಉಳಿದಲ್ಲಿ ಗಾಳಿ ಉಳಿದಿದೆ. ಒಂದು ದಿನ ಬಿಟ್ಟು ಹೊರಬದಿಯನ್ನು ಉಜ್ಜಿ ಬಣ್ಣಕ್ಕೆ ಸಿದ್ಧಮಾಡಬಹುದು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ, ತೇವದ ಗಾಳಿಯಲ್ಲಿ ರೆಸಿನ್ನಿನ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ಹಳೆಯ ಬಣ್ಣ ಕೀಳಲು ರಾಸಾಯನಿಕ ರಿಮೂವರಾಗಲಿ ಬೆಂಕಿಯಾಗಲಿ ಬೇಡ, ಎರಡೂ ರೆಸಿನ್ನನ್ನೇ ಹಾಳುಮಾಡುತ್ತವೆ. ಚಾಸಿಸ್‌ಗೆ ವೆಲ್ಡಿಂಗ್ ಮಾಡಿಸುವ ದಿನ ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕು ಇಳಿಸಿ, ಹತ್ತಿರದ ಫೈಬರಿಗೆ ಒದ್ದೆ ಗೋಣಿ ಮುಚ್ಚಿ, ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಪಕ್ಕದಲ್ಲೇ ನಿಂತಿರಲಿ. ಫೈಬರಿಗೆ ಬೆಂಕಿ ಹಿಡಿದರೆ ಆರಿಸಲು ಹೆಚ್ಚು ಸಮಯ ಸಿಗುವುದಿಲ್ಲ.

ಪೆಟ್ರೋಲು ಮತ್ತು ಬ್ರೇಕು

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇರುತ್ತದೆ. 1980ರ ದಶಕದ ರಬ್ಬರು ಇದನ್ನು ತಾಳಿಕೊಳ್ಳುವುದಿಲ್ಲ. ಟ್ಯಾಂಕಿನಿಂದ ಕಾರ್ಬುರೇಟರಿನ ವರೆಗಿನ ಎಲ್ಲ ಹೋಸುಗಳನ್ನೂ, ಪೆಟ್ರೋಲ್ ಪಂಪಿನ ಡಯಾಫ್ರಮನ್ನೂ ಎಥನಾಲ್ ತಾಳುವಂಥದಕ್ಕೆ ಬದಲಿಸುವುದನ್ನು ಗಾಡಿ ಮನೆಗೆ ಬಂದ ವಾರದಲ್ಲೇ ಮುಗಿಸಬೇಕು. ಎಥನಾಲ್ ಗಾಳಿಯ ತೇವವನ್ನು ಹೀರುವುದರಿಂದ ಮಳೆಗಾಲವಿಡೀ ಗಾಡಿ ನಿಲ್ಲಿಸುವವರು ಕಾರ್ಬುರೇಟರನ್ನು ಖಾಲಿ ಮಾಡಿಡುವುದು ಒಳ್ಳೆಯದು. ಎಂಜಿನಿಗೆ ಪೆಟ್ರೋಲಿನ ಪ್ರಮಾಣ ತುಸು ಕಡಿಮೆಯಾದಂತೆ ಏರಿನಲ್ಲಿ ತಡವರಿಸಿದರೆ ಮಿಶ್ರಣದಲ್ಲಿ ಪೆಟ್ರೋಲಿನ ಪಾಲನ್ನು ಸ್ವಲ್ಪ ಹೆಚ್ಚಿಸಬಹುದು, ಆದರೆ ಹೊಗೆ ತಪಾಸಣೆಯಲ್ಲಿ ಈ ವಯಸ್ಸಿನ ಕಾರುಗಳಿಗಿರುವ ಮಿತಿಯಾದ 3 ಶೇಕಡಾ ಕಾರ್ಬನ್ ಮೊನಾಕ್ಸೈಡನ್ನು ಮೀರಬಾರದು.

ಬ್ರೇಕು ನಾಲ್ಕೂ ಚಕ್ರಕ್ಕೆ ಡ್ರಮ್ಮಿನದು. ತೋಡು ದಾಟಿದ ಮೇಲೆ ಮೆಲ್ಲಗೆ ಒತ್ತುತ್ತಾ ಸ್ವಲ್ಪ ದೂರ ಓಡಿಸಿ ಒಣಗಿಸಿಕೊಳ್ಳಬೇಕು. ಮಳೆಗಾಲದ ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಬೆಳಗ್ಗೆ ಶೂಗಳು ಡ್ರಮ್ಮಿಗೆ ಕಚ್ಚಿಕೊಂಡಿರುತ್ತವೆ, ಅದರ ಬದಲು ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಡಿ. ಬ್ರೇಕ್ ಆಯಿಲನ್ನು ವರ್ಷಕ್ಕೊಮ್ಮೆ ಬದಲಿಸಿ.

ಹೆಸರು ಬಿಟ್ಟು ಅಳತೆ ಹೇಳಿ

ಬಿಡಿಭಾಗದ ಅಂಗಡಿಯಲ್ಲಿ ಗಾಡಿಯ ಹೆಸರನ್ನು ಎತ್ತಲೇಬೇಡಿ. ಬೇರಿಂಗ್ ಆದರೆ ಅದರ ಅಂಚಿನಲ್ಲಿ ಕೊರೆದ ನಂಬರನ್ನು ಹೇಳಿ. ಆ ನಂಬರು ಜಗತ್ತಿಗೆಲ್ಲ ಒಂದೇ ಆದುದರಿಂದ ಅದೇ ಬೇರಿಂಗ್ ನೀರಿನ ಪಂಪಿಗೋ ಬೇರೆ ಯಾವುದೋ ಗಾಡಿಗೋ ಬಂದಿರುತ್ತದೆ. ಆಯಿಲ್ ಸೀಲ್ ಆದರೆ ಒಳವ್ಯಾಸ, ಹೊರವ್ಯಾಸ, ದಪ್ಪ ಈ ಮೂರು ಅಳತೆ ಸಾಕು. ಬ್ರೇಕಿನ ವೀಲ್ ಸಿಲಿಂಡರಿಗೆ ಒಳವ್ಯಾಸ ನೋಡಿ ರಬ್ಬರ್ ಕಪ್ಪು ಕೇಳಿ. ಬೇರೆ ಗಾಡಿಯ ರಿಮ್ಮು ಹಾಕಿಸುವ ಆಸೆಯಿದ್ದರೆ ಬೋಲ್ಟುಗಳ ವೃತ್ತದ ವ್ಯಾಸ, ನಡುವಿನ ತೂತು, ಒಳಚಾಚು (ಆಫ್‌ಸೆಟ್) ಈ ಮೂರನ್ನೂ ಅಳೆದ ಮೇಲೆಯೇ ಹಣ ಕೊಡಿ. ಮೂವತ್ತು ನಲವತ್ತು ರೂಪಾಯಿಯ ಸೀಲಿಗಾಗಿ ಮಂಗಳೂರಿನ ಮೂರು ಬೀದಿ ಅಲೆದ ಮೇಲೆ ನಾನೊಂದು ವರ್ನಿಯರ್ ಕ್ಯಾಲಿಪರ್ ಕೊಂಡೆ, ಅಂದಿನಿಂದ ಅದು ಡ್ಯಾಶ್‌ಬೋರ್ಡಿನ ಗೂಡಿನಲ್ಲೇ ಇದೆ. ಅಳೆದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಹೆಡ್ ಗ್ಯಾಸ್ಕೆಟ್, ಲೈನರ್ ಸೀಲು ಮುಂತಾದ, ಅಳತೆಯಿಂದ ಹೊಂದಿಸಲಾಗದ ಭಾಗಗಳನ್ನು ಮಾತ್ರ ಬ್ರಿಟನ್ನಿನಿಂದ ಒಂದೇ ಸಲಕ್ಕೆ ಎರಡೆರಡು ತರಿಸಿಕೊಳ್ಳುವುದು ಲಾಭ, ಏಕೆಂದರೆ ಸಾಗಣೆ ಮತ್ತು ಸುಂಕದ ಹೊರೆ ಹೆಚ್ಚು.

ಪತ್ತನಾಜೆಯಿಂದ ದೀಪಾವಳಿಯ ವರೆಗೆ

ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಯನ್ನೇ ನಾನು ಗಾಡಿಯ ಗಡುವಾಗಿ ಇಟ್ಟುಕೊಂಡಿದ್ದೇನೆ, ಏಕೆಂದರೆ ಮೇ ತಿಂಗಳ ಆ ಕೊನೆಯ ವಾರ ಕಳೆದರೆ ಮಳೆ ಯಾವ ದಿನವೂ ಹಿಡಿಯಬಹುದು. ಅದಕ್ಕೆ ಮೊದಲು ಚಾಸಿಸನ್ನು ನೀರಿನಲ್ಲಿ ತೊಳೆದು, ಎರಡು ದಿನ ಬಿಸಿಲಿನಲ್ಲಿ ಒಣಗಿಸಿ, ತುಕ್ಕನ್ನು ತಂತಿಬ್ರಷ್ಷಿನಿಂದ ಕೆರೆದು, ಪ್ರೈಮರ್ ಹೊಡೆದು, ಅದರ ಮೇಲೆ ಮೇಣದಂಥ ತುಕ್ಕುನಿರೋಧಕವನ್ನು ಕಂಬಿಯ ಒಳಕ್ಕೂ ಹೋಗುವಂತೆ ಸಿಂಪಡಿಸಿ. ಹಳೆಯ ಎಂಜಿನ್ ಆಯಿಲನ್ನು ಅಡಿಗೆ ಬಳಿಯುವ ರೂಢಿ ನಮ್ಮಲ್ಲಿದೆ. ಅದು ರಬ್ಬರ್ ಬುಷ್ಷುಗಳನ್ನು ಉಬ್ಬಿಸಿ ಹಾಳುಮಾಡುತ್ತದೆ, ಮೊದಲ ಮಳೆಗೆ ತೊಳೆದುಹೋಗಿ ಅಂಗಳದ ಬಾವಿಗೆ ಇಳಿಯುತ್ತದೆ. ಬಾಗಿಲಿನ ಅಡಿಯಂಚಿನ ನೀರು ಹೋಗುವ ತೂತುಗಳಿಗೆ ಒಂದು ತೆಂಗಿನ ಕಡ್ಡಿ ತೂರಿಸಿ ನೋಡಿ. ತೂತು ಕಟ್ಟಿದರೆ ಬಾಗಿಲೊಳಗೆ ನೀರು ನಿಂತು ಕೀಲಿನ ಮೇಲಿನ ಭಾರ ಹೆಚ್ಚುತ್ತದೆ.

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲೂ ವಾರಕ್ಕೊಮ್ಮೆ, ಬದಿಯಡ್ಕದಿಂದ ಕಾಸರಗೋಡಿಗೆ ಹೋಗಿ ಬರುವಷ್ಟು ದೂರ ಗಾಡಿ ಓಡಿಸಬೇಕು. ಅಂಗಳದಲ್ಲೇ ಐದು ನಿಮಿಷ ಚಾಲೂ ಮಾಡಿ ನಿಲ್ಲಿಸಿದರೆ ಸೈಲೆನ್ಸರಿನಲ್ಲಿ ನೀರು ತುಂಬುವುದೇ ಹೊರತು ಉಪಯೋಗವಿಲ್ಲ. ಷಟ್ಪಥ ಹೆದ್ದಾರಿಯಲ್ಲಿ ಲಾರಿಗಳು ಹಾದುಹೋಗುವಾಗ ಈ ಹಗುರ ಗಾಡಿ ಪಕ್ಕಕ್ಕೆ ವಾಲುವುದುಂಟು, ಆದುದರಿಂದ ಸರ್ವಿಸ್ ರಸ್ತೆಯೇ ಇದಕ್ಕೆ ಹಿತ. ಮನೆಗೆ ಬಂದ ಮೇಲೆ ತಾಡಪಾಲು ಹೊದಿಸಬೇಡಿ, ಮಾಡಿನ ಅಡಿಯಲ್ಲಿ ಗಾಳಿ ಆಡುವಂತೆ ನಿಲ್ಲಿಸಿ, ಕಿಟಕಿಯ ಗಾಜನ್ನು ಒಂದು ಬೆರಳಿನಷ್ಟು ಇಳಿಸಿಡಿ. ದೀಪಾವಳಿಗೆ ಮಳೆ ಬಿಟ್ಟ ಮೇಲೆ ಮ್ಯಾಟುಗಳನ್ನೆಲ್ಲ ತೆಗೆದು ಒಣಹಾಕಿ, ಮತ್ತೆ ಗೋಣಿ ಹಾಸಿ ಅಡಿಗೆ ನುಗ್ಗಿ, ಪ್ರತಿ ಬೋಲ್ಟಿನ ಸುತ್ತ ತಟ್ಟಿ, ಸದ್ದು ಬದಲಾದ ಜಾಗವನ್ನು ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳಿ. ವೆಲ್ಡಿಂಗ್ ಆಗಲಿ ಫೈಬರ್ ಕೆಲಸವಾಗಲಿ ಬೇಕಿದ್ದರೆ ಅದಕ್ಕೆ ಮುಂದೆ ಆರು ತಿಂಗಳ ಒಣ ಹವೆ ಇರುತ್ತದೆ.